ಆರಂಭ ಎಂದರೆ ಎಷ್ಟು ಆಳ

ಹೋದ ವರ್ಷ ನನಗೆ ಬಂದ ಕೆಲಸಗಳಲ್ಲಿ ಅತಿ ಚಿಕ್ಕದು ನಾಲ್ಕು ಪುಟದ್ದು. ಅತಿ ಹೆಚ್ಚು ದಿನ ಹಿಡಿದದ್ದೂ ಅದೇ. ಹೈದರಾಬಾದಿನ ಒಂದು ಆಸ್ಪತ್ರೆಯವರು ಎಂಡೋಸ್ಕೋಪಿಗೆ ಬರುವವರ ಕೈಗೆ ಕೊಡುವ ಮಾಹಿತಿ ಪತ್ರ ಅದು. ತೆಲುಗು, ಉರ್ದು, ಹಿಂದಿಯಲ್ಲಿ ಆಗಲೇ ಅಚ್ಚಾಗಿತ್ತು. ಈಗ ಕನ್ನಡದ್ದು ಬೇಕಿತ್ತು. ಹೈದರಾಬಾದಿನ ಆಸ್ಪತ್ರೆಗೆ ಕನ್ನಡ ಯಾಕೆ ಎಂದು ದೂರದವರು ಕೇಳಬಹುದು. ನಾನಿರುವ ಕಾಚಿಗೂಡದಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಕನ್ನಡ ಶಾಲೆಯಿದೆ, ಮನೆಯಲ್ಲಿ ಕನ್ನಡ ಬೀದಿಯಲ್ಲಿ ತೆಲುಗು ಅಂಗಡಿಯಲ್ಲಿ ದಖನಿ ಮಾತಾಡುವ ಮೂರು ತಲೆಮಾರಿನ ಮನೆಗಳಿವೆ. 1956ರಲ್ಲಿ ರಾಜ್ಯಗಳು ಬೇರೆಯಾಗುವ ತನಕ ರಾಯಚೂರು, ಕಲಬುರಗಿ, ಬೀದರ ಸೀಮೆಗೆ ಇದೇ ರಾಜಧಾನಿ. ಗಡಿ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ. 2023ರ ಅಕ್ಟೋಬರಿನಲ್ಲಿ ಕೃಷ್ಣಾ ಮಾರ್ಗವಾಗಿ ರಾಯಚೂರಿನಿಂದ ಕಾಚಿಗೂಡಕ್ಕೆ ನೇರ ಡೆಮು ರೈಲು ಶುರುವಾದ ಮೇಲಂತೂ ಸ್ಟೇಷನ್ನಿನಲ್ಲಿ ಸ್ಕ್ಯಾನಿಂಗ್ ಕವರು ಕಂಕುಳಲ್ಲಿ ಇಟ್ಟುಕೊಂಡು ಇಳಿಯುವವರು ಇನ್ನೂ ಹೆಚ್ಚಾಗಿದ್ದಾರೆ.

ಪತ್ರದ ಮೊದಲ ಪುಟದಲ್ಲೇ ಒಂದು ಪದಗುಚ್ಛ ನನ್ನನ್ನು ನಿಲ್ಲಿಸಿತು: ಅರ್ಲಿ ಗ್ಯಾಸ್ಟ್ರಿಕ್ ಕ್ಯಾನ್ಸರ್. ಕಣ್ಣು ಮುಚ್ಚಿಕೊಂಡು ‘ಆರಂಭಿಕ ಹಂತದ ಜಠರ ಕ್ಯಾನ್ಸರ್’ ಎಂದು ಬರೆಯಬಹುದಿತ್ತು. ಪತ್ರಿಕೆಗಳಲ್ಲಿ, ಸರ್ಕಾರಿ ಭಿತ್ತಿಪತ್ರಗಳಲ್ಲಿ ಹಾಗೇ ಇರುತ್ತದೆ. ಆದರೆ ‘ಆರಂಭ’, ‘ಮೊದಲು’, ‘ಬೇಗ’ ಎಂಬ ಪದಗಳ ಜೊತೆ ನಮ್ಮ ಮನೆಗೆ ಹಳೆಯ ಲೆಕ್ಕವಿದೆ.

2017ರಲ್ಲಿ ಅವ್ವ ಹೊಟ್ಟೆಯ ಕ್ಯಾನ್ಸರಿನಿಂದ ಹೋದಳು. ಊಟ ಸೇರುತ್ತಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನಿಸುತ್ತದೆ ಎಂದು ಅವಳು ಹೇಳಲು ಶುರು ಮಾಡಿದ್ದು ದಸರೆಯ ಹೊತ್ತಿಗೆ. ಗ್ಯಾಸ್ ಎಂದರು ಒಬ್ಬರು, ಪಿತ್ತ ಎಂದರು ಇನ್ನೊಬ್ಬರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪ್ಯಾನ್ ಮಾತ್ರೆ, ರಾತ್ರಿ ಒಂದು ಈನೋ. ಸಂಕ್ರಾಂತಿಗೆ ಕೊನೆಗೂ ಎಂಡೋಸ್ಕೋಪಿ ಆಯಿತು. ಗಡ್ಡೆ ಹೊಟ್ಟೆಯ ಗೋಡೆ ದಾಟಿ ಯಕೃತ್ತಿಗೆ ಹೋಗಿತ್ತು. ವರದಿ ನೋಡಿದ ವೈದ್ಯರು ಒಂದೇ ಮಾತು ಹೇಳಿದರು: “ಸ್ವಲ್ಪ ಮೊದಲೇ ಬಂದಿದ್ದರೆ...”

ಆ ಮಾತು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ನಾವೇ ಪೂರ್ತಿ ಮಾಡಿಕೊಂಡೆವು, ಒಬ್ಬೊಬ್ಬರು ಒಂದೊಂದು ರೀತಿ. ಅಪ್ಪ ತನ್ನ ತಲೆಗೆ ಹಾಕಿಕೊಂಡರು. ಅಜ್ಜಿ, “ಅಕಿ ಬಾಯಿ ಬಿಟ್ಟು ಹೇಳಬೇಕಿತ್ತಲ್ಲ” ಎಂದು ಸತ್ತವಳ ಮೇಲೆಯೇ ಹಾಕಿದಳು. ಏಳು ವರ್ಷದ ನಂತರ ನಾಲ್ಕು ಪುಟದ ಪತ್ರವನ್ನು ಕನ್ನಡಕ್ಕೆ ತರಲು ಓದಬೇಕಾದ್ದನ್ನೆಲ್ಲ ಓದುತ್ತ ಹೋದಾಗ ನನಗೆ ಗೊತ್ತಾದದ್ದು ಇದು: ಈ ಕಾಯಿಲೆಯಲ್ಲಿ ‘ಅರ್ಲಿ’ ಎಂಬುದಕ್ಕೆ ಕಾಲದ ಜೊತೆ ನೇರ ಸಂಬಂಧವೇ ಇಲ್ಲ. ಅದು ಆಳದ ಅಳತೆ.

*

ಈ ವ್ಯಾಖ್ಯೆ ಬಂದದ್ದು ಜಪಾನಿನಿಂದ, 1962ರಲ್ಲಿ. ಅಲ್ಲಿ ಹೊಟ್ಟೆಯ ಕ್ಯಾನ್ಸರ್ ನಮ್ಮಲ್ಲಿಗಿಂತ ಬಹಳ ಹೆಚ್ಚು. ಅಲ್ಲಿನ ಎಂಡೋಸ್ಕೋಪಿ ತಜ್ಞರ ಸಂಘ ಒಂದು ಗೆರೆ ಎಳೆಯಿತು. ಜಠರದ ಗೋಡೆಯಲ್ಲಿ ಪದರಗಳಿವೆ: ಎಲ್ಲಕ್ಕಿಂತ ಒಳಗೆ, ಅನ್ನ ತಾಗುವ ಕಡೆ, ಲೋಳೆಪೊರೆ, ಅದರ ಕೆಳಗೆ ಮೆತ್ತನೆಯ ಇನ್ನೊಂದು ಪದರ, ಆಮೇಲೆ ಸ್ನಾಯು, ಕೊನೆಗೆ ಹೊರ ಹೊದಿಕೆ. ಕ್ಯಾನ್ಸರ್ ಮೊದಲ ಎರಡು ಪದರಗಳಲ್ಲೇ ಇದ್ದರೆ ಅದು ‘ಅರ್ಲಿ’. ಸ್ನಾಯುವಿಗೆ ಇಳಿದರೆ ಅಲ್ಲ. ಅದು ಹುಟ್ಟಿ ಆರು ತಿಂಗಳಾಗಿದೆಯೋ ಆರು ವರ್ಷವೋ ಎಂಬುದನ್ನು ಈ ಗೆರೆ ಕೇಳುವುದಿಲ್ಲ. ಐದು ಸೆಂಟಿಮೀಟರ್ ಅಗಲ ಹರಡಿಕೊಂಡದ್ದೂ ಮೇಲ್ಪದರದಲ್ಲೇ ಇದ್ದರೆ ‘ಅರ್ಲಿ’. ಒಂದು ಸೆಂಟಿಮೀಟರಿನದು ಆಳಕ್ಕೆ ಕೊರೆದಿದ್ದರೆ ಅಲ್ಲ.

ಗೆರೆ ಅಲ್ಲೇ ಎಳೆಯಲು ಕಾರಣವಿತ್ತು. ಲೋಳೆಪೊರೆಯಲ್ಲೇ ಇರುವ ಕ್ಯಾನ್ಸರ್ ಹಾಲುರಸದ ಗಂಟುಗಳಿಗೆ ಹರಡಿರುವುದು ನೂರಕ್ಕೆ ಮೂರು ನಾಲ್ಕು ಜನರಲ್ಲಿ. ಎರಡನೇ ಪದರಕ್ಕೆ ಇಳಿದರೆ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ. ಸ್ನಾಯುವಿನಿಂದಾಚೆ ಲೆಕ್ಕ ಬೇರೆಯೇ ಆಗುತ್ತದೆ. ಜಪಾನಿನಲ್ಲಿ ಈ ಮೇಲ್ಪದರದ ಹಂತದಲ್ಲಿ ಸಿಕ್ಕಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ.

ಈ ಮೇಲ್ಪದರದಲ್ಲಿ ಅದು ಸುಮ್ಮನೆ ಇರುವ ಕಾಲವೂ ಸಣ್ಣದಲ್ಲ. ಯಾವುದೋ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದೆ ಉಳಿದವರನ್ನು ಒಸಾಕಾದಲ್ಲಿ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ‘ಅರ್ಲಿ’ ಎಂದು ಗೊತ್ತಾದ ಮೇಲೆ ಅದು ಆಳಕ್ಕಿಳಿಯಲು ಮೂರೂವರೆ ವರ್ಷದ ಆಸುಪಾಸು ತೆಗೆದುಕೊಂಡಿತ್ತು. ಆ ವರ್ಷಗಳಲ್ಲಿ ಹೆಚ್ಚಿನವರಿಗೆ ನೋವಿಲ್ಲ, ವಾಂತಿಯಿಲ್ಲ, ತೂಕ ಇಳಿಯುವುದಿಲ್ಲ. ಇದ್ದರೆ ನಮ್ಮ ನಿಮ್ಮೆಲ್ಲರಿಗೂ ಇರುವಂಥ ಹುಳಿತೇಗು, ಉಬ್ಬರ.

ಹಾಗಾದರೆ ಅವ್ವ ‘ಮೊದಲೇ’ ಬರುವುದು ಹೇಗಿತ್ತು? ಬರಲು ಅವಳಿಗೆ ಕಾರಣ ಕೊಡುವಂಥದ್ದು ಏನೂ ದೇಹದಲ್ಲಿ ಆಗಿರಲಿಲ್ಲ. ಊಟ ಸೇರದ ದಿನ ಅವಳು ಹೇಳಿದ್ದಳು. ಅಷ್ಟರಲ್ಲಿ ಅದು ಆಳಕ್ಕೆ ಇಳಿದಾಗಿತ್ತು. ಅಜ್ಜಿ ಈಗಿಲ್ಲ, ಇದ್ದಿದ್ದರೆ ಇದನ್ನು ಅವಳಿಗೆ ಬಿಡಿಸಿ ಹೇಳುತ್ತಿದ್ದೆ. ಅಪ್ಪನಿಗೆ ಹೇಳಿದೆ. ಎರಡು ಸಲ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಮರುದಿನ ಫೋನು ಮಾಡಿ, “ಅದನ್ನ ಒಂದು ಹಾಳ್ಯಾಗ ಬರದು ಕಳಸು” ಅಂದರು.

*

ಪತ್ರದ ಉಳಿದ ಪದಗಳೂ ಸುಲಭವಿರಲಿಲ್ಲ. ಕನ್ನಡದಲ್ಲಿ ‘ಹೊಟ್ಟೆ’ ಎಂದರೆ ಎದೆಯ ಕೆಳಗಿನಿಂದ ಸೊಂಟದ ತನಕ ಎಲ್ಲವೂ. ಹಸಿವೂ ಹೊಟ್ಟೆ, ಬಸಿರೂ ಹೊಟ್ಟೆ, ಮತ್ಸರವೂ ಹೊಟ್ಟೆಕಿಚ್ಚು. ‘ಜಠರ’ ಶಾಲೆಯ ಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಕೊನೆಗೆ ‘ಹೊಟ್ಟೆಯೊಳಗಿನ ಅನ್ನದ ಚೀಲ’ ಎಂದು ಒಮ್ಮೆ ಹೇಳಿ, ಅಲ್ಲಿಂದ ಮುಂದೆ ‘ಜಠರ’ ಎಂದೇ ಬರೆದೆ. ಎಂಡೋಸ್ಕೋಪಿಗೆ ‘ಅಂತರ್ದರ್ಶನ’ ಎಂಬುದನ್ನು ಮುಟ್ಟಲಿಲ್ಲ. ನಮ್ಮ ಕಡೆಯ ಹಿರಿಯರು ಅದಕ್ಕೆ ‘ದುರ್ಬೀನು ಹಾಕೋದು’ ಅನ್ನುತ್ತಾರೆ. ದೂರ್‌ಬೀನ್ ಪಾರಸಿಯ ಪದ, ದೂರದ್ದನ್ನು ನೋಡುವಂಥದ್ದು ಎಂದರ್ಥ. ಚುಕ್ಕಿ ನೋಡುವ ಸಾಧನದ ಹೆಸರನ್ನು ಜನ ತಮ್ಮ ಹೊಟ್ಟೆಯೊಳಗೆ ನೋಡುವುದಕ್ಕೆ ಬಳಸಿಕೊಂಡಿದ್ದಾರೆ, ಯಾವ ಪರಿಭಾಷಾ ಸಮಿತಿಯನ್ನೂ ಕೇಳದೆ.

ನಿಜವಾದ ತೊಡಕು ಬಂದದ್ದು ‘ನೋಡು’ ಎಂಬ ಕ್ರಿಯಾಪದದಲ್ಲಿ. ಉಸ್ಮಾನಿಯಾದಲ್ಲಿ ಭಾಷಾವಿಜ್ಞಾನ ಓದುವಾಗ ನಾವು ಇಂಥ ಜೋಡಿಗಳನ್ನು ಪಟ್ಟಿ ಮಾಡುತ್ತಿದ್ದೆವು: ನೋಡು, ಕಾಣು. ‘ನಾನು ನೋಡಿದೆ’ ಎಂಬಲ್ಲಿ ಕೆಲಸ ನನ್ನದು. ‘ನನಗೆ ಕಾಣಿಸಿತು’ ಎಂಬಲ್ಲಿ ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಕಾಣಿಸಿಕೊಳ್ಳುವುದು ಆ ವಸ್ತುವಿನ ಕೆಲಸ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂದು ಕೀಲಿಕೈ ಹುಡುಕುವ ಯಾರಾದರೂ ದಿನಾ ಅನ್ನುತ್ತಾರೆ. ಮೇಲ್ಪದರದ ಕ್ಯಾನ್ಸರಿನ ಕಥೆ ಪೂರ್ತಿ ಈ ಎರಡು ಕ್ರಿಯಾಪದಗಳ ನಡುವೆ ಇದೆ. ಕೊಳವೆ ಅದರ ಮುಂದೆಯೇ ಹಾದುಹೋಗಿರುತ್ತದೆ, ಬೆಳಕು ಅದರ ಮೇಲೆಯೇ ಬಿದ್ದಿರುತ್ತದೆ, ವೈದ್ಯರು ನೋಡಿರುತ್ತಾರೆ. ಕಂಡಿರುವುದಿಲ್ಲ.

ಇದು ಅಪರೂಪವೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2014ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಹಿಂದಿನ ಮೂರು ವರ್ಷಗಳೊಳಗೆ ಒಮ್ಮೆ ಎಂಡೋಸ್ಕೋಪಿ ಆಗಿತ್ತು. ಆಗ ಅದು ತಪ್ಪಿಹೋಗಿತ್ತು.

*

ಕಾಣುವಂತೆ ಮಾಡುವುದು ಹೇಗೆ ಎಂಬುದೇ ಚಿತ್ರಣ ತಂತ್ರಗಳ ಚರಿತ್ರೆ. ವಿಚಿತ್ರವೆಂದರೆ ಅದು ಶುರುವಾದದ್ದು ನೋಡದೆಯೇ ಚಿತ್ರ ತೆಗೆಯುವುದರಿಂದ. 1950ರಲ್ಲಿ ಟೋಕಿಯೊದ ಶಸ್ತ್ರವೈದ್ಯ ತತ್ಸುರೊ ಉಜಿ ಮತ್ತು ಒಲಿಂಪಸ್ ಕಂಪನಿಯ ಎಂಜಿನಿಯರುಗಳು ಮೆತ್ತನೆಯ ಕೊಳವೆಯ ತುದಿಗೆ ಪುಟ್ಟ ಕ್ಯಾಮರಾ, ಪುಟ್ಟ ಬಲ್ಬು, ಕಿರಿದಾದ ಫಿಲ್ಮು ಕಟ್ಟಿ ರೋಗಿಗೆ ನುಂಗಿಸಿದರು. ಒಳಗೆ ಏನಿದೆ ಎಂದು ಆ ಹೊತ್ತಿಗೆ ಯಾರಿಗೂ ಕಾಣುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಹೊಟ್ಟೆಯ ಚರ್ಮದ ಮೂಲಕ ಬಲ್ಬಿನ ಬೆಳಕು ಎಲ್ಲಿ ಮಿನುಗಿತು ಎಂಬ ಅಂದಾಜಿನ ಮೇಲೆ ಕ್ಲಿಕ್ ಮಾಡಿ, ಫಿಲ್ಮು ತೊಳೆದ ಮೇಲೆ ನೋಡಬೇಕು. 1957ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬೇಸಿಲ್ ಹರ್ಷೊವಿಟ್ಸ್ ಗಾಜಿನ ಎಳೆಗಳ ಕೊಳವೆಯನ್ನು ಮೊದಲು ತಾನೇ ನುಂಗಿ ಪರೀಕ್ಷಿಸಿದ ಮೇಲೆ ನೇರವಾಗಿ ನೋಡುವ ಕಾಲ ಬಂತು. ಆದರೆ ನೇರವಾಗಿ ನೋಡಿದ ಮಾತ್ರಕ್ಕೆ ಕಾಣುವುದಿಲ್ಲ.

ಮೊದಲನೆಯದು ತೊಳೆಯುವುದು. ಜಠರದ ಗೋಡೆಯ ಮೇಲೆ ಲೋಳೆಯೂ ನೊರೆಯೂ ಇರುತ್ತದೆ. ಪರೀಕ್ಷೆಗೆ ಸ್ವಲ್ಪ ಮೊದಲು ನೊರೆ ಒಡೆಯುವ, ಲೋಳೆ ಕರಗಿಸುವ ಔಷಧಿಯ ನೀರು ಕುಡಿಸುತ್ತಾರೆ. ಒಳಗೆ ಹೋದ ಮೇಲೂ ನೀರು ಚಿಮ್ಮಿಸಿ ತೊಳೆಯುತ್ತಾರೆ. ಎರಡನೆಯದು ಗಾಳಿ ತುಂಬಿಸಿ ಬಿಡಿಸುವುದು. ಖಾಲಿ ಜಠರ ಮಡಿಚಿಟ್ಟ ಸೀರೆಯ ಹಾಗೆ. ನೆರಿಗೆಯೊಳಗಿನ ಕಲೆ ಬಿಡಿಸದೆ ಕಾಣುವುದಿಲ್ಲ. ಮೂರನೆಯದು ಎಲ್ಲ ಮೂಲೆಗಳಿಗೂ ಹೋಗುವುದು. ಅನ್ನನಾಳ ಬಂದು ಸೇರುವ ಬಾಯಿಯ ಸುತ್ತಲಿನ ಜಾಗ ನೋಡಲು ಕೊಳವೆಯ ತುದಿಯನ್ನು ಕೊಕ್ಕೆಯ ಹಾಗೆ ಹಿಂದಕ್ಕೆ ತಿರುಗಿಸಬೇಕು. ಫುಕುವೊಕದ ಕೆನ್ಶಿ ಯಾವೊ ಇದಕ್ಕೊಂದು ಕ್ರಮ ಹಾಕಿಕೊಟ್ಟರು: ಇಂತಿಂಥ ಜಾಗದಿಂದ, ಇದೇ ಅನುಕ್ರಮದಲ್ಲಿ, 22 ಚಿತ್ರ. ಯಾವ ಮೂಲೆಯೂ ಬಿಟ್ಟುಹೋಗದಿರಲು ಇದು ಒಂದು ಬಗೆಯ ಹಾಜರಿ ಪುಸ್ತಕ.

ಇದಕ್ಕೆಲ್ಲ ಬೇಕಾದದ್ದು ಸಮಯ. ಸಿಂಗಾಪುರದಿಂದ 2015ರಲ್ಲಿ ಬಂದ ಅಧ್ಯಯನವೊಂದು ವೈದ್ಯರನ್ನು ಎರಡು ಗುಂಪು ಮಾಡಿತು: ಒಂದು ಮಾಮೂಲಿ ಪರೀಕ್ಷೆಗೆ ಸರಾಸರಿ ಏಳು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುವವರು, ಮತ್ತು ಅದಕ್ಕಿಂತ ಬೇಗ ಮುಗಿಸುವವರು. ಕ್ಯಾನ್ಸರ್ ಅಥವಾ ಅದರತ್ತ ಹೋಗಬಹುದಾದ ಜಾಗಗಳನ್ನು ನಿಧಾನದವರು ಹೆಚ್ಚುಕಡಿಮೆ ಎರಡು ಪಟ್ಟು ಕಂಡುಹಿಡಿದಿದ್ದರು. ಯಾವ ಹೊಸ ಯಂತ್ರವೂ ಅಲ್ಲ, ಕೆಲವು ನಿಮಿಷ.

ಆಮೇಲೆ ಬಣ್ಣ. ಬಿಳಿ ಬೆಳಕಿನಲ್ಲಿ ಮೇಲ್ಪದರದ ಕ್ಯಾನ್ಸರ್ ಸ್ವಲ್ಪ ಕೆಂಪಗೆ ಅಥವಾ ಸ್ವಲ್ಪ ಬಿಳಿಚಿಕೊಂಡು, ಒಂದೆರಡು ಮಿಲಿಮೀಟರ್ ತಗ್ಗಿಯೋ ಉಬ್ಬಿಯೋ ಇರುತ್ತದೆ. ಇಡೀ ಜಠರವೇ ಕೆಂಪಗಾಗಿ ಊದಿಕೊಂಡಿದ್ದರೆ ಇದು ಅದರಲ್ಲೇ ಮುಚ್ಚಿಹೋಗುತ್ತದೆ. ಆಗ ಇಂಡಿಗೊ ಕಾರ್ಮೈನ್ ಎಂಬ ನೀಲಿಯನ್ನು ತೆಳ್ಳಗೆ ಮಾಡಿ ಸಿಂಪಡಿಸುತ್ತಾರೆ. ನಮ್ಮ ದೇಶದ ಹೆಸರನ್ನೇ ಹೊತ್ತ ಇಂಡಿಗೊ, ಅದೇ ನೀಲಿಯಿಂದ ಮಾಡಿದ ಬಣ್ಣ. ಅದು ಜೀವಕೋಶದೊಳಗೆ ಇಂಗುವುದಿಲ್ಲ, ತಗ್ಗಿನಲ್ಲಿ ನಿಲ್ಲುತ್ತದೆ, ಅಷ್ಟೇ. ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿದ ನೆಲ ಸಮವಾಗಿಯೇ ಕಾಣುತ್ತದೆ; ತೊಳೆದಾಗ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ತಗ್ಗು.

ಕೊನೆಯದು ಬೆಳಕನ್ನೇ ಬದಲಿಸುವುದು. ನ್ಯಾರೋ ಬ್ಯಾಂಡ್ ಇಮೇಜಿಂಗ್, ಆಸ್ಪತ್ರೆಯವರ ಬಾಯಲ್ಲಿ ಎನ್‌ಬಿಐ. ಬಿಳಿ ಬೆಳಕಿನ ಎಲ್ಲ ಬಣ್ಣಗಳನ್ನೂ ತಡೆದು, 415 ನ್ಯಾನೋಮೀಟರ್ ಆಸುಪಾಸಿನ ನೀಲಿ ಮತ್ತು 540ರ ಆಸುಪಾಸಿನ ಹಸಿರು, ಈ ಎರಡು ಕಿರಿದಾದ ಪಟ್ಟಿಗಳನ್ನು ಮಾತ್ರ ಬಿಡುತ್ತಾರೆ. ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದು ಇವೇ ಬಣ್ಣಗಳನ್ನು. ನೀಲಿ ಬೆಳಕು ಮೇಲ್ಪದರದಲ್ಲೇ ನಿಲ್ಲುವುದರಿಂದ ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಹಸಿರು ಇನ್ನಷ್ಟು ಇಳಿಯುವುದರಿಂದ ಆಳದ ನಾಳಗಳು ಹಸಿರುನೀಲಿಯಾಗಿ ಹಿಂದೆ ಸರಿಯುತ್ತವೆ. ಇದರ ಜೊತೆ ಹಿಗ್ಗಿಸುವ ಮಸೂರವೂ ಇದ್ದರೆ ಗೋಡೆಯ ನೇಯ್ಗೆಯೇ ಕಾಣುತ್ತದೆ. ಆರೋಗ್ಯವಾದ ಜಾಗದಲ್ಲಿ ನಾಳಗಳು ಜೇನುಗೂಡಿನ ಹಾಗೆ ಕ್ರಮವಾಗಿರುತ್ತವೆ. ಕ್ಯಾನ್ಸರ್ ಇರುವಲ್ಲಿ ಕ್ರಮ ತಪ್ಪಿ, ಒಂದು ದಪ್ಪ ಒಂದು ಸಣ್ಣ, ಎಲ್ಲೋ ಹೊರಳಿ ಎಲ್ಲೋ ತುಂಡಾಗಿ. ಎರಡರ ನಡುವೆ ಒಂದು ಗಡಿ ಸ್ಪಷ್ಟವಾಗಿ ಕಾಣುತ್ತದೆಯೇ, ಗಡಿಯ ಒಳಗೆ ನಾಳಗಳ ಅಥವಾ ಮೇಲ್ಮೈಯ ವಿನ್ಯಾಸ ಕೆಟ್ಟಿದೆಯೇ ಎಂಬುದೇ ಯಾವೊ ಮತ್ತು ಅವರ ಜೊತೆಗಾರರು ಹಾಕಿಕೊಟ್ಟ ಪರೀಕ್ಷೆ. ಬೇರೆ ಕಂಪನಿಗಳ ಯಂತ್ರಗಳಲ್ಲಿ ಬೇರೆ ಹೆಸರಿನ ಬೆಳಕುಗಳಿವೆ. ಈಚೆಗೆ ಪರದೆಯ ಮೇಲೆ ಅನುಮಾನದ ಜಾಗಕ್ಕೆ ಚೌಕ ಹಾಕಿ ತೋರಿಸುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಆದರೆ ಕೊಳವೆ ತಿರುಗಿಸದ ಮೂಲೆಯ ಬಗ್ಗೆ ಅದು ಏನೂ ಹೇಳಲಾರದು. ತೊಳೆಯದ ಲೋಳೆಯ ಕೆಳಗೆ ಅದಕ್ಕೂ ಕಾಣುವುದಿಲ್ಲ.

*

ಪತ್ರ ಅರ್ಧ ಆಗಿದ್ದಾಗಲೇ ನಮ್ಮ ಸೋದರಮಾವ ಮಾನ್ವಿ ಕಡೆಯಿಂದ ನನ್ನ ಮನೆಗೆ ಬಂದ. ಅವ್ವನ ತಮ್ಮ, 58 ವರ್ಷ, ಹತ್ತಿ ಜೋಳ ಬೆಳೆಯುವವನು. ಬಂದದ್ದು ನನ್ನ ಒತ್ತಾಯಕ್ಕೆ. ಒಡಹುಟ್ಟಿದವರಿಗೋ ಹೆತ್ತವರಿಗೋ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೆ ಅಪಾಯ ಬೇರೆಯವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂದು ಓದಿದ ಮೇಲೆ ನಾನು ದಿನಾ ಫೋನು ಮಾಡುತ್ತಿದ್ದೆ.

“ಏನೂ ಇಲ್ಲ ಯವ್ವಾ, ಗ್ಯಾಸ್ ಅಷ್ಟ. ಎರಡು ವರ್ಷದ ಹಿಂದ ದುರ್ಬೀನು ಹಾಕಿ ನೋಡ್ಯಾರ. ನಾರ್ಮಲ್ ಅಂತ ಬರದು ಕೊಟ್ಟಾರ.”

“ಎಷ್ಟು ಹೊತ್ತು ನೋಡಿದ್ರು, ಮಾಮಾ?”

“ಹಾಕಿದ್ದೂ ಗೊತ್ತಾಗಲಿಲ್ಲ, ತಗದದ್ದೂ ಗೊತ್ತಾಗಲಿಲ್ಲ. ಭಾಳ ಛಲೋ ಡಾಕ್ಟರು.”

ಆ ವರದಿ ಅವನ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಜಠರದ ಮುಂದೆ ಒಂದೇ ಪದ: ನಾರ್ಮಲ್. ಅಂಚೆಚೀಟಿಯಷ್ಟು ಎರಡು ಚಿತ್ರ. ಅದು ಯಾವ ಊರಿನದು ಎಂಬುದು ಇಲ್ಲಿ ಮುಖ್ಯವಲ್ಲ. ದಿನಕ್ಕೆ ಹತ್ತಾರು ಜನರನ್ನು ಮುಗಿಸಬೇಕಾದ ಎಷ್ಟೋ ಕಡೆ ಹೀಗೇ ನಡೆಯುತ್ತದೆ. ನನ್ನ ಕಣ್ಣು ಹೋದದ್ದು ಪದದ ಮೇಲೆ. ಕನ್ನಡದಲ್ಲಿ ಬರೆಯುವ ವೈದ್ಯರಾಗಿದ್ದರೆ ಬಹುಶಃ ‘ಏನೂ ಕಂಡುಬಂದಿಲ್ಲ’ ಎಂದು ಬರೆಯುತ್ತಿದ್ದರು. ಅದು ಎಷ್ಟು ಪ್ರಾಮಾಣಿಕ ವಾಕ್ಯ! ಇಲ್ಲ ಎಂದು ಹೇಳುವುದಿಲ್ಲ, ಕಂಡಿಲ್ಲ ಎಂದಷ್ಟೇ ಹೇಳುತ್ತದೆ. ‘ನಾರ್ಮಲ್’ ಎಂಬುದನ್ನು ಮಾಮಾ ‘ಏನೂ ಇಲ್ಲ’ ಎಂದು ಅನುವಾದ ಮಾಡಿಕೊಂಡು ಎರಡು ವರ್ಷ ಮಾತ್ರೆ ನುಂಗಿದ್ದ. ಆಮ್ಲ ತಗ್ಗಿಸುವ ಈ ಮಾತ್ರೆಗಳಿಗೆ ಇನ್ನೊಂದು ಗುಣವಿದೆ: ಮೇಲ್ಪದರದ ಕ್ಯಾನ್ಸರಿನ ಮೇಲಿನ ಹುಣ್ಣನ್ನು ಅವು ಕೆಲವು ಕಾಲ ಮಾಯಿಸಿ ಮರೆಮಾಡಬಲ್ಲವು.

ಈ ಸಲ ಅರ್ಧ ಗಂಟೆ ಮೊದಲೇ ನೊರೆ ಒಡೆಯುವ ನೀರು ಕುಡಿಸಿದರು. ಪರೀಕ್ಷೆ ಇಪ್ಪತ್ತು ನಿಮಿಷದ ಹತ್ತಿರ ನಡೆಯಿತು. ನಾನು ಹೊರಗೆ ಕೂತಿದ್ದೆ. ಆಮೇಲೆ ವೈದ್ಯೆ ನಮ್ಮಿಬ್ಬರನ್ನೂ ಕರೆದು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸಿದರು. ಜಠರ ಬಾಗುವ ಮೂಲೆಯಲ್ಲಿ ಸ್ವಲ್ಪ ಕೆಂಪು. ನನಗೆ ಅಂಥದ್ದೇನೂ ಅನ್ನಿಸಲಿಲ್ಲ. ಮುಂದಿನ ಚಿತ್ರ ನೀಲಿ ಬಣ್ಣ ಹಾಕಿದ್ದು: ಹೆಬ್ಬೆರಳ ಉಗುರಿನಷ್ಟು ಒಂದು ತಗ್ಗು, ಸುತ್ತ ನೀಲಿ ನಿಂತಿದೆ. ಮೂರನೆಯದು ಎನ್‌ಬಿಐ. ಕಂದು ಎಳೆಗಳ ನೇಯ್ಗೆ ಒಂದು ಗೆರೆಯ ತನಕ ಸರಿಯಾಗಿ ಬಂದು, ಗೆರೆಯ ಆಚೆ ಚೆಲ್ಲಾಪಿಲ್ಲಿ. ವೈದ್ಯೆ ತೆಲುಗಿನಲ್ಲಿ ಹೇಳುತ್ತಿದ್ದುದನ್ನು ನಾನು ಕನ್ನಡ ಮಾಡುವ ಮೊದಲೇ ಮಾಮಾ ಪರದೆಗೆ ಬೆರಳಿಟ್ಟ.

“ಇದು ಬದು ಇದ್ದಂಗ ಅದಲ್ರಿ. ಈ ಕಡಿ ನಮ್ಮ ಹೊಲ, ಆ ಕಡಿ ರೋಗ ಬಿದ್ದದ್ದು.”

ವೈದ್ಯೆ ನನ್ನ ಮುಖ ನೋಡಿದರು. ‘ಬದು’ ಎಂದರೇನೆಂದು ಹೇಳಿದೆ. ಅವರು ತಲೆಯಾಡಿಸಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಗೆರೆಗೆ ‘ಸೀಮಾರೇಖೆ’, ‘ವಿಭಜನ ರೇಖೆ’ ಎಂದೆಲ್ಲ ಬರೆದುಕೊಂಡಿದ್ದೆ. ಎರಡನ್ನೂ ಹೊಡೆದು ‘ಬದು’ ಎಂದು ಬರೆದೆ.

ಬಯಾಪ್ಸಿ ಕ್ಯಾನ್ಸರ್ ಎಂದಿತು. ಹೊಟ್ಟೆ ಕೊಯ್ಯಲಿಲ್ಲ. ಕೊಳವೆಯ ಮೂಲಕವೇ ಆ ಜಾಗದ ಕೆಳಗೆ ದ್ರವ ಚುಚ್ಚಿ ಮೇಲ್ಪದರವನ್ನು ಉಬ್ಬಿಸಿ, ಸುತ್ತ ಗೆರೆ ಹಾಕಿ, ಸಣ್ಣ ಚಾಕುವಿನಿಂದ ಇಡಿಯಾಗಿ ಬಿಡಿಸಿ ತೆಗೆದರು. ಇಎಸ್‌ಡಿ ಎಂಬ ಈ ವಿಧಾನವೂ 1990ರ ದಶಕದಲ್ಲಿ ಜಪಾನಿನಲ್ಲೇ ರೂಪುಗೊಂಡದ್ದು. ಇಡಿಯಾಗಿ ತೆಗೆಯುವುದು ಮುಖ್ಯ. ಆಗ ಮಾತ್ರ ಪ್ರಯೋಗಾಲಯದಲ್ಲಿ ಅಂಚಿನ ತನಕ, ತಳದ ತನಕ ನೋಡಿ ಎಲ್ಲ ಬಂತೋ ಇಲ್ಲವೋ ಹೇಳಬಹುದು. ಮಾಮಾ ಊರಿಗೆ ಫೋನು ಮಾಡಿ ವಿವರಿಸಿದ್ದು ಹೀಗೆ: “ಕರಿಕಿ ತಗದಂಗ ತಗದಾರ, ಬೇರು ಸೈತ. ಮಣ್ಣಿಗೆ ಏನೂ ಆಗಿಲ್ಲ.” ಹತ್ತು ದಿನದ ನಂತರ ವರದಿ ಬಂತು. ಲೋಳೆಪೊರೆಯಲ್ಲೇ ಇತ್ತು. ಅಂಚು, ತಳ ಎರಡೂ ಸ್ವಚ್ಛ.

*

ಇದನ್ನು ಓದಿ ಎಲ್ಲರೂ ನಾಳೆಯೇ ಎಂಡೋಸ್ಕೋಪಿಗೆ ಓಡಬೇಕೆಂದು ನಾನು ಹೇಳುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಿದೆ. ಜಪಾನಿನಲ್ಲಿ 50 ದಾಟಿದವರಿಗೆ. ಅಲ್ಲಿ ಕಾಯಿಲೆಯೂ ಅಷ್ಟಿದೆ. ನಮ್ಮಲ್ಲಿ ಸರ್ಕಾರ ಎಲ್ಲರಿಗೂ ತಪಾಸಣೆ ಮಾಡಬೇಕೆನ್ನುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ. ಮಿಜೋರಾಂ ಬಿಟ್ಟರೆ ಭಾರತದ ಹೆಚ್ಚಿನ ಕಡೆ ಹೊಟ್ಟೆಯ ಕ್ಯಾನ್ಸರಿನ ಪ್ರಮಾಣ ಜಪಾನಿಗಿಂತ ಬಹಳ ಕಡಿಮೆ. ಅದಕ್ಕೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮಾತ್ರ ನಮ್ಮ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿದೆ. ಇಷ್ಟಿದ್ದೂ ಕಾಯಿಲೆ ಯಾಕೆ ಕಡಿಮೆ ಎಂಬುದು ವಿಜ್ಞಾನಿಗಳಿಗೇ ಒಂದು ಒಗಟು. ಆದರೆ ಪ್ರಮಾಣ ಕಡಿಮೆಯೆಂದರೂ ಜನಸಂಖ್ಯೆ ದೊಡ್ಡದು; ವರ್ಷಕ್ಕೆ 60 ಸಾವಿರದಷ್ಟು ಜನರಿಗೆ ಬರುತ್ತದೆ. ಹೆಚ್ಚಿನವರು ಅವ್ವನ ಹಾಗೆ, ಆಳಕ್ಕಿಳಿದ ಮೇಲೆ ಬರುತ್ತಾರೆ.

ಹೈದರಾಬಾದಿಗೆ ಈ ವಿದ್ಯೆ ಹೊಸದೂ ಅಲ್ಲ. ಡಿ. ನಾಗೇಶ್ವರ ರೆಡ್ಡಿಯವರು ಇಲ್ಲಿ ಕಟ್ಟಿದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಗೆ ಎಂಡೋಸ್ಕೋಪಿ ಕಲಿಯಲೆಂದೇ ವೈದ್ಯರು ಬರುತ್ತಾರೆ. 2025ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಯಂತ್ರವೂ ಪರಿಣತಿಯೂ ದೇಶದಲ್ಲಿದೆ. ತಾಲ್ಲೂಕಿನ ಊರುಗಳ ತನಕ ಇಳಿಯಬೇಕಾದದ್ದು ತೊಳೆಯುವ ನೀರು, ಚಿತ್ರಗಳ ಹಾಜರಿ, ಮತ್ತು ಆ ಏಳು ನಿಮಿಷ. ಇವುಗಳಿಗೆ ಕೋಟಿ ಬೆಲೆಯಿಲ್ಲ, ಆದರೆ ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಒಳಗೆ ಕೂತವರಿಗೆ ಅದೇ ತುಟ್ಟಿ. ರೋಗಿಯ ಕಡೆಯವರು ಕೇಳಬಹುದಾದದ್ದೂ ಇದೆ. ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿತ್ತು ಎಂದು ಮೊದಲೇ ಹೇಳುವುದು. ಪೈಲೋರಿ ಪರೀಕ್ಷೆ ಆಯಿತೇ ಎಂದು ಕೇಳುವುದು. ಚಿತ್ರಗಳನ್ನು ಕೇಳಿ ತೆಗೆದುಕೊಳ್ಳುವುದು. ತೂಕ ಇಳಿದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ನುಂಗಲು ಕಷ್ಟವಾದರೆ ಹಳೆಯ ‘ನಾರ್ಮಲ್’ ಇಟ್ಟುಕೊಂಡು ಕೂರದೆ ಹೋಗುವುದು.

ಪತ್ರ ಮುಗಿದಾಗ ‘ಅರ್ಲಿ ಗ್ಯಾಸ್ಟ್ರಿಕ್ ಕ್ಯಾನ್ಸರ್’ ಎಂಬುದಕ್ಕೆ ನಾನು ಬರೆದದ್ದು ‘ಜಠರದ ಮೇಲ್ಪದರದ ಕ್ಯಾನ್ಸರ್’. ಅದರ ಕೆಳಗೆ ಎರಡು ಸಾಲು: ‘ಈ ಹಂತದಲ್ಲಿ ಸಾಮಾನ್ಯವಾಗಿ ಯಾವ ತೊಂದರೆಯೂ ತಿಳಿಯುವುದಿಲ್ಲ. ಆದ್ದರಿಂದ ಇದನ್ನು ನಿಧಾನವಾಗಿ ನೋಡಿಯೇ ಕಂಡುಹಿಡಿಯಬೇಕು.’ ಎರಡನೇ ಸಾಲು ಮೂಲದಲ್ಲಿರಲಿಲ್ಲ. ಆಸ್ಪತ್ರೆಯವರಿಗೆ ಬೇರೆ ಬಣ್ಣದಲ್ಲಿ ಗುರುತು ಹಾಕಿ ಕಳಿಸಿದೆ. ಅವರು ಅದನ್ನು ಉಳಿಸಿಕೊಂಡರು. ತೆಲುಗು ಪತ್ರಕ್ಕೂ ಸೇರಿಸುವುದಾಗಿ ಹೇಳಿದರು.

ಮಾಮಾನಿಗೆ ಪೈಲೋರಿ ಇತ್ತು, ಎರಡು ವಾರದ ಮಾತ್ರೆಯಲ್ಲಿ ಹೋಯಿತು. ನನಗೂ ಇತ್ತು, ನನ್ನದೂ ಹೋಗಿದೆ. ಅವನ ಜಠರದ ಉಳಿದ ಭಾಗದಲ್ಲಿ ಇನ್ನೊಂದು ಏಳಬಹುದು ಎಂಬ ಕಾರಣಕ್ಕೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ಮೊದಲ ವರ್ಷದ್ದು ಕಳೆದ ತಿಂಗಳು ಆಯಿತು. ಮಂಪರು ಇಳಿದ ಮೇಲೆ ಅವನು ಕೇಳಿದ ಮೊದಲ ಮಾತು, “ಎಷ್ಟು ನಿಮಿಷ ಆತು?”

ಹದಿನಾರು ಅಂದೆ.

“ಕಮ್ಮಿ ಆತಲ್ಲ” ಅಂದ.